ನಡುವೆ ನಿಲ್ಲದ ದನಿ

ಮತ್ತೆ ಎಡಕ್ಕೇ ವಾಲಿದಳು, ಒಂದು ಬೆರಳಿನಷ್ಟು, ಹೆಡ್‌ಫೋನಿನೊಳಗಿನ ಕತ್ತಲಲ್ಲಿ ನನ್ನ ಎರಡು ಹುಬ್ಬುಗಳ ನಡುವೆ ನಿಲ್ಲಬೇಕಾದ ಗಾಯಕಿ ಎಡಗಣ್ಣಿನ ಮೇಲೆ ನಿಂತಿದ್ದಾಳೆ, ದನಿಯನ್ನು ಎಡಬಲಕ್ಕೆ ಸರಿಸುವ ಗುಂಡಿ ನಡುವೆಯೇ ಇದೆ, ಪರದೆಯ ಮೇಲೆ ಸೊನ್ನೆ, ಕಣ್ಣಿಗೆ ನಡುವೆ, ಕಿವಿಗೆ ಎಡ — ಒಂದಿಷ್ಟು ಬಲಕ್ಕೆ ತಿರುಗಿಸಿದರೆ ಸರಿಹೋಗುತ್ತದೆ, ಬೇಡ, ಹೋದ ಹಾಡಿನಲ್ಲಿ ಹಾಗೆ ತಿರುಗಿಸಿದ್ದಕ್ಕೇ ಅಲ್ಲವೇ ಇವಳು ಫೋನ್ ಮಾಡಿ ನಕ್ಕಿದ್ದು, ಅಕ್ಕಾ, ಎಲ್ಲಾ ಚೆನ್ನಾಗಿದೆ, ಆದ್ರೆ ನನ್ನನ್ಯಾಕೆ ಬಲಗಡೆ ಮೂಲೇಲಿ ನಿಲ್ಲಿಸಿದೀರ, ಹೋಂವರ್ಕ್ ಮಾಡ್ದೆ ಬಂದಿದ್ನಾ? ನಾನೂ ನಕ್ಕೆ, ಹೊಸ ಹೆಡ್‌ಫೋನು ಕಣಮ್ಮಾ, ಇನ್ನೂ ಹೊಂದ್ಕೊಂಡಿಲ್ಲ ಎಂದೆ, ಎಷ್ಟು ಸಲೀಸಾಗಿ ಬಂತು ಮಾತು, ತಪ್ಪನ್ನು ಬಾಯಿಲ್ಲದ ವಸ್ತುವಿನ ತಲೆಗೆ ಕಟ್ಟಿದೆ. ಈ ಮನೆಗೆ ಬಂದ ಮೇಲೆ ಸ್ಪೀಕರುಗಳು ಮಂಚದ ಕೆಳಗೆ, ಗೋಡೆ ತೆಳು, ಪಕ್ಕದ ಮನೆಯಾಕೆ ಮೊದಲ ದಿನವೇ ಬಂದು, ತಪ್ಪು ತಿಳ್ಕೋಬೇಡಿ, ನಿಮ್ಮ ಡ್ರಮ್ಮಿಗೆ ನಮ್ಮ ಪಾತ್ರೆಗಳೆಲ್ಲ ಕುಣೀತಿವೆ — ಹಾಗಾಗಿ ಈ ಹೆಡ್‌ಫೋನು, ಆರು ವಾರದಿಂದ ದಿನಾ ಬೆಳಿಗ್ಗೆ ಒಂದು ಗಂಟೆ, ನನಗೆ ಬಾಯಿಪಾಠವಿರುವ ಹತ್ತು ಹಾಡುಗಳನ್ನು ಇದರಲ್ಲಿ ಕೇಳುವುದು, ಸೌಂಡ್ ಮಿಕ್ಸಿಂಗ್ ಕೆಲಸ ಕಲಿಸಿದ ಮೇಷ್ಟ್ರು ಹೇಳಿದ ಹಾಗೆ, ಹೆಡ್‌ಫೋನ್ ಸುಳ್ಳು ಹೇಳತ್ತಮ್ಮಾ, ಆದ್ರೆ ದಿನಾ ಒಂದೇ ಸುಳ್ಳು ಹೇಳತ್ತೆ, ಆ ಸುಳ್ಳನ್ನ ಕಲಿತುಬಿಡು, ಆಮೇಲೆ ಕಟ್ಟಿಕೊಂಡ ಗಂಡನಿಗಿಂತ ಜಾಸ್ತಿ ನಂಬಬಹುದು. ಕಲಿತೆ, ಬರೆದಿಟ್ಟೆ, ಡ್ರಮ್ಮು ಇರುವುದಕ್ಕಿಂತ ದಪ್ಪ, ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತವೆ, ಹತ್ತೂ ಹಾಡು ಎಡಕ್ಕೆ, ಹತ್ತೂ — ಅದನ್ನು ಬರೆಯುವಾಗ ಪೆನ್ನು ನಿಂತಿತ್ತು.

ಪರೀಕ್ಷೆ ಒಂದೇ ನಿಮಿಷದ್ದು, ಮೇಷ್ಟ್ರ ಬಳಿ ಮೊದಲ ವಾರವೇ ಕಲಿತದ್ದು, ಹೆಡ್‌ಫೋನನ್ನು ತಿರುವಿ ಹಾಕಿಕೊ, ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ, ದೋಷ ಅದರದ್ದಾದರೆ ದನಿ ಆ ಕಡೆಗೆ ದಾಟುತ್ತದೆ, ದಾಟದಿದ್ದರೆ — ಆರು ವಾರದಲ್ಲಿ ಆ ಒಂದು ನಿಮಿಷ ನನಗೆ ಬಿಡುವಾಗಲಿಲ್ಲ. ಗಂಡ ಬೆಳಿಗ್ಗೆ ಒಲೆಯ ಪಕ್ಕ, ಎಷ್ಟು ಸಲ ಕರೀಬೇಕೇ ನಿನ್ನ, ಹಾಲು ಉಕ್ಕಿ ಹೋಯ್ತು, ಅವನು ನನ್ನ ಬಲಕ್ಕಿದ್ದ, ಏನೋ ಯೋಚನೆಯಲ್ಲಿದ್ದೆ ಎಂದೆ, ಅಮ್ಮನೂ ಹಾಗೇ ಹೇಳುತ್ತಿದ್ದಳು, ನನ್ನ ಈಗಿನ ವಯಸ್ಸೇ ಆಗ ಅವಳಿಗೆ, ಕರೆದರೆ ಕೋಳಿಯ ಹಾಗೆ ಕತ್ತು ಹೊರಳಿಸಿ ಎಡಗಿವಿ ಕೊಡುತ್ತಿದ್ದಳು, ನಾನೂ ತಮ್ಮನೂ ಅದನ್ನು ಆಡಿ ತೋರಿಸಿ ಬಿದ್ದು ಬಿದ್ದು ನಗುತ್ತಿದ್ದೆವು, ಆಮೇಲೆ ಅವಳಿಗೆ ಆ ನಗುವೂ ಕೇಳಿಸಲಿಲ್ಲ — ನಾನು ಫೋನನ್ನು ಎಡಗಿವಿಗೆ ಹಿಡಿಯತೊಡಗಿದ್ದು ಯಾವಾಗಿನಿಂದ? ಬೇರೆ ಕೆಲಸ ನನಗೆ ಬರುವುದಿಲ್ಲ, ಹದಿನಾರು ವರ್ಷದಿಂದ ಇದೊಂದೇ, ಯಾರ ದನಿ ಎಲ್ಲಿ ನಿಲ್ಲಬೇಕು ಎಂದು ಹೇಳುವುದು, ಸಂಜೆಯೊಳಗೆ ಇವಳ ಹಾಡು ಹೋಗಬೇಕು, ಮತ್ತೆ ಮೂಲೆಯಲ್ಲಿ ನಿಲ್ಲಿಸಿ ಕಳಿಸಲೇ? ಹೆಡ್‌ಫೋನ್ ತೆಗೆದೆ, ಕಿವಿಯ ಸುತ್ತ ಬೆವರು, ತಿರುವಿ ಹಾಕಿಕೊಂಡೆ, ವೈರು ಈಗ ಕುತ್ತಿಗೆಯ ಬಲಕ್ಕೆ ತಣ್ಣಗೆ ತಾಗುತ್ತಿದೆ, ವಾದ್ಯಗಳನ್ನೆಲ್ಲ ಮುಚ್ಚಿ ಅವಳೊಬ್ಬಳನ್ನೇ ಉಳಿಸಿದೆ, ಗುಂಡಿ ನಡುವೆ, ಕಣ್ಣು ಮುಚ್ಚು, ದೇವರೇ, ಇದು ಕೆಟ್ಟಿರಲಿ, ಅಂಗಡಿಯವನು ನನಗೆ ಟೋಪಿ ಹಾಕಿರಲಿ, ಬಲಕ್ಕೆ ಹೋಗು ತಾಯಿ, ಹೋಗು — ಅವಳು ಉಸಿರೆಳೆದುಕೊಂಡಳು, ಎಡದಲ್ಲಿ, ಬರೀ ಉಸಿರಿನಿಂದ ಹೇಳಲಾಗದು, ಸಾಲು ಬರಲಿ, ಸಾಲು ಬಂತು, ಎಡದಲ್ಲಿ, ಹಿಂದಕ್ಕೆಳೆದು ಮತ್ತೆ, ಇದೊಂದರಲ್ಲಿ ಹೆಡ್‌ಫೋನ್ ಸುಳ್ಳು ಹೇಳಿರಲೇ ಇಲ್ಲ, ಆರು ವಾರದಲ್ಲಿ ಒಂದು ದಿನವೂ, ಮತ್ತೆ, ಎಡಗಣ್ಣಿನ ಮೇಲೆ, ಕೂದಲೆಳೆಯಷ್ಟೂ ಕದಲದೆ ಅವಳು, ಮತ್ತೆ, ಎಡಗಣ್ಣಿನ ಮೇಲೆ ಅವಳು, ಬಾಯಿ ತೆರೆದು, ಎಡಗಣ್ಣಿನ ಮೇಲೆ