ಹಿಂದಿನ ಮೂಲೆಯ ಆಟಗಾರ

"ಕತ್ತರಿಸಿಬಿಡಮ್ಮ, ಗಂಟು ಬಿಚ್ಚೋಕೆ ಆಗ್ತಿಲ್ಲ," ಎಂದಳು ಕುಸುಮಾ, ಅಪ್ಪನ ಶೂ ಲೇಸನ್ನು ಉಗುರಿನಿಂದ ಎಳೆಯುತ್ತ.

ಚಿಕ್ಕಲಕ್ಷ್ಮಮ್ಮ ಕತ್ತರಿ ಹಿಡಿದು ಹಾಗೆಯೇ ಕುಳಿತಿದ್ದರು. ಆಸ್ಪತ್ರೆಯಲ್ಲಿ ಗಂಡ ಮರಿಯಪ್ಪನವರ ಅಂಗಿಯನ್ನು ಕತ್ತರಿಸಿ ತೆಗೆದಿದ್ದರು. ಶೂ ಮಾತ್ರ ಕಾಲಲ್ಲೇ ಬಿಟ್ಟು ದೇಹವನ್ನು ಮನೆಗೆ ಕಳಿಸಿದ್ದರು. ಬಿಳಿಯ ಶೂ, ತಳದಲ್ಲಿ ಕೆಮ್ಮಣ್ಣು. ಅವರು ಅದನ್ನು ಈ ಮನೆಯಲ್ಲಿ ಎಂದೂ ಕಂಡಿರಲಿಲ್ಲ.

"ಆಟದ ಕೋರ್ಟಿಗೆ ನೀರು ಹಾಕೋಕೆ ಯಾರಾದ್ರೂ ಶೂ ಹಾಕ್ಕೋತಾರಾ?" ಎಂದರು.

ಬೆಳಿಗ್ಗೆ ಮರಿಯಪ್ಪನವರು ಚಪ್ಪಲಿ ಮೆಟ್ಟಿಕೊಂಡು, "ಹಿಟ್ಟು ಫ್ರಿಜ್ಜಿಂದ ಆಚೆ ಇಡು, ಬಂದು ದೋಸೆ ತಿಂತೀನಿ," ಎಂದು ಹೋಗಿದ್ದರು. ಹಿಟ್ಟು ಹುಳಿ ಬಂದು ಪಾತ್ರೆಯ ಅಂಚು ದಾಟಿತ್ತು.

ಬಾಗಿಲಲ್ಲಿ ಮಧುಕುಮಾರ್ ನಿಂತಿದ್ದ. ಹೊಸಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವವನು, ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನ ಕ್ಯಾಪ್ಟನ್.

"ಮಧು, ನೀನು ಹೇಳು. ಇವರು ಆಡ್ತಿದ್ರಾ?"

"ಹೂಂ ಅಕ್ಕ." ಅವನು ನೆಲ ನೋಡಿದ. "ಹೋದ ವರ್ಷದಿಂದ. ಶೂ ನನ್ನ ಅಂಗಡೀಲಿ ಇಡ್ತಿದ್ರು."

"ಎದೆಗೆ ಸ್ಟೆಂಟ್ ಹಾಕಿರೋದು ಗೊತ್ತಿರಲಿಲ್ವಾ ನಿನಗೆ?"

"ಗೊತ್ತಿತ್ತು. ಏನ್ಮಾಡ್ಲಿ ಅಕ್ಕ, ನಾವು ಉಳಿದಿದ್ದೇ ನಾಲ್ಕು ಜನ. ಐದು ಜನ ಇಲ್ಲದಿದ್ರೆ ಮ್ಯಾಚ್ ಇಲ್ಲ, ಲೀಗಿಂದ ಕ್ಲಬ್ಬಿನ ಹೆಸರೇ ತೆಗೀತಾರೆ. ಮರಿಯಣ್ಣನೇ ಅಂದ್ರು, 'ನಾನು ಹಿಂದಿನ ಮೂಲೇಲಿ ನಿಂತಿರ್ತೀನಿ ಕಣೋ, ಹೆಸರಿಗೆ ಐದಾಯ್ತಲ್ಲ' ಅಂತ."

"ನಿಂತಿರೋಕೆ ಏನು, ಅವರು ಕಂಬವಾ?"

"ಯಾವ ಟೀಮಿನವರೂ ಆ ಕಡೆ ಬಾಲ್ ಹೊಡೀತಿರಲಿಲ್ಲ ಅಕ್ಕ. ಮಾತಾಡ್ಕೊಂಡಿದ್ದಲ್ಲ, ಹಂಗೇ ಆಗ್ಹೋಯ್ತು. ಈಗ ಎಲ್ಲಾ ಕ್ಲಬ್ಬಲ್ಲೂ ಅಂಥವರೊಬ್ಬರು ಇದಾರೆ. ನಾವೂ ಅವರ ಕಡೆ ಹೊಡೆಯಲ್ಲ."

* * *

ಮದುವೆಯಾದ ಹೊಸದರಲ್ಲಿ ಚಿಕ್ಕಲಕ್ಷ್ಮಮ್ಮ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಕೋರ್ಟಿಗೆ ಹೋಗುತ್ತಿದ್ದರು. ಅಂಚೆ ಕಚೇರಿಯಿಂದ ಬಂದವರೇ ಮರಿಯಪ್ಪನವರು ಮರದ ಬ್ಯಾಟ್ ಹಿಡಿದು ಇಳಿದುಬಿಡುತ್ತಿದ್ದರು. ಗೋಡೆಯ ಉದ್ದಕ್ಕೂ ಹುಡುಗರು ಕಾಲು ಇಳಿಬಿಟ್ಟು ಕುಳಿತು, ಮುಂದಿನ ಸರದಿ ಯಾರದೆಂದು ಜಗಳವಾಡುತ್ತಿದ್ದರು. ಹಳದಿ ಉಣ್ಣೆಯ ಚೆಂಡು ಕತ್ತಲಲ್ಲಿ ಕಾಣದಂತಾಗುವವರೆಗೂ ಆಟ.

ಆಮೇಲೆ ಗೋಡೆ ಖಾಲಿಯಾಯಿತು. ನಿವೃತ್ತರಾದ ಮೇಲೆ ಅವರು ಟ್ಯೂಷನ್ ಸೆಂಟರಿನ ಗೇಟಿನಲ್ಲಿ ನಿಂತು ಹುಡುಗರನ್ನು ಕರೆಯುತ್ತಿದ್ದರು. "ಬರ್ರೋ, ಬ್ಯಾಟ್ ನಾನೇ ಕೊಡ್ತೀನಿ." ಹುಡುಗರೂ ಮರ್ಯಾದೆಯವರೇ. "ಸಾರಿ ಅಂಕಲ್, ಕ್ರಿಕೆಟ್ಟಿಗೆ ಟರ್ಫ್ ಬುಕ್ ಆಗಿದೆ," ಎನ್ನುತ್ತಿದ್ದರು. ನೀರು ಹಾಕಲು, ಸುಣ್ಣದ ಗೆರೆ ಎಳೆಯಲು, ನೆಟ್ ಕಟ್ಟಲು ಕೊನೆಗೆ ಅವರೊಬ್ಬರೇ ಉಳಿದರು.

ಈಚೆಗೆ ಒಂದು ಭಾನುವಾರ ಮುಖ ಸಪ್ಪಗೆ ಮಾಡಿಕೊಂಡು ಬಂದಿದ್ದರು.

"ಏನಾಯ್ತು?"

"ಏನಿಲ್ಲ. ಅಲ್ಲಿ ಎಲ್ಲರೂ ತುಂಬಾ ಒಳ್ಳೆಯವರು ಕಣೇ."

"ಅದಕ್ಕೂ ಮುಖ ಊದಿಸ್ಕೋತಾರಾ?" ಎಂದು ಚಿಕ್ಕಲಕ್ಷ್ಮಮ್ಮ ನಕ್ಕು, ಅನ್ನ ಬಡಿಸಿದ್ದರು.

* * *

"ಹಾಗಾದ್ರೆ ಇವತ್ತು ಇವರ ಕಡೆ ಬಾಲ್ ಹೊಡೆದವರು ಯಾರು?" ಎಂದರು ಚಿಕ್ಕಲಕ್ಷ್ಮಮ್ಮ.

ಮಧುಕುಮಾರ್ ಬೀದಿಯ ಕಡೆ ನೋಡಿದ. ಶಾಮಿಯಾನದ ಅಂಚಿನಲ್ಲಿ ಯುವಕನೊಬ್ಬ ಮೊಣಕಾಲಿಗೆ ಹಣೆ ಹಚ್ಚಿ ಕುಳಿತಿದ್ದ.

"ಮುತ್ತುರಾಜ ಅಂತ, ಇವತ್ತು ನಮ್ಮೆದುರು ಆಡಿದ ಕೆಂಗೇರಿ ಟೀಮಿಗೆ ಹೊಸಬ. ಬಾಗಲಕೋಟೆ ಕಡೆಯವನು, ಜ್ಞಾನಭಾರತೀಲಿ ಪಿಎಚ್‌ಡಿ ಮಾಡ್ತಿದಾನೆ. ಅವನಿಗೆ ಹೇಳೋದು ಎಲ್ಲರೂ ಮರೆತಿದೀವಿ. ಇನ್ನು ಜನ್ಮದಲ್ಲಿ ಬ್ಯಾಟ್ ಮುಟ್ಟಲ್ಲ ಅಂತಾನೆ ಅಕ್ಕ. ಈ ವರ್ಷ ಲೀಗಿಗೆ ಹೊಸದಾಗಿ ಬಂದವನು ಅವನೊಬ್ಬನೇ. ಅವನೂ ಬಿಟ್ರೆ ಕೆಂಗೇರಿಯವರಿಗೂ ಐದಿಲ್ಲ."

"ಅಪ್ಪ ಇಲ್ಲಿ ಹೀಗೆ ಮಲಗಿದಾರೆ, ನಿಮಗಿನ್ನೂ ಐದು ಜನದ ಚಿಂತೆ!" ಕುಸುಮಾಳ ದನಿ ಒಡೆಯಿತು.

"ಸುಮ್ನಿರೇ," ಎಂದರು ಚಿಕ್ಕಲಕ್ಷ್ಮಮ್ಮ. ಗೋಡೆ ಹಿಡಿದು ಎದ್ದು ತಾವೇ ಹೊರಗೆ ಬಂದರು.

ಅವರನ್ನು ಕಂಡು ಮುತ್ತುರಾಜ ಗಡಬಡಿಸಿ ಎದ್ದ. "ನನಗ ಗೊತ್ತಿರಲಿಲ್ರೀ ಅವ್ವಾ. ಆ ಮೂಲಿ ಖಾಲಿ ಕಂಡ್ತು, ಹೊಡದೆ. ದೇವರಾಣಿ, ಗೊತ್ತಿದ್ರ ಹೊಡೀತಿದ್ದಿಲ್ಲ."

ಅವನ ತುಟಿ ಒಣಗಿ ಬಿಳಿಚಿಕೊಂಡಿತ್ತು. ಪಕ್ಕದ ಮನೆಯವರು ಚಿಕ್ಕಲಕ್ಷ್ಮಮ್ಮನಿಗೆಂದು ತಂದಿದ್ದ ಕಾಫಿ ಜಗಲಿಯ ಮೇಲೆ ಆರುತ್ತಿತ್ತು. ಅದನ್ನೆತ್ತಿ ಅವನ ಕೈಗೆ ಕೊಟ್ಟರು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದರು.

"ಇವರು ಆ ಬಾಲ್ ಬಿಟ್ಟುಬಿಟ್ರಾ?"

"ಇಲ್ರೀ. ತಿರುಗಿ ಹೊಡದ್ರು."

ಚಿಕ್ಕಲಕ್ಷ್ಮಮ್ಮ ಮಧುಕುಮಾರನ ಕಡೆ ತಿರುಗಿದರು. ಅವನು ತಲೆಯಾಡಿಸಿದ. "ಪಾಯಿಂಟ್ ನಮಗೇ ಬಂತು ಅಕ್ಕ. ಎಲ್ಲರಿಗೂ ಒಂದ್ಸಲ ಚಪ್ಪಾಳೆ ತಟ್ಟೋಷ್ಟು ಖುಷಿ. ತಟ್ಟಿ ತಿರುಗಿ ನೋಡ್ತೀವಿ, ಬಿದ್ದಿದ್ರು."

ಚಿಕ್ಕಲಕ್ಷ್ಮಮ್ಮ ಬಾಯಿಗೊತ್ತಿದ್ದ ಸೆರಗು ತೆಗೆದು ಮುತ್ತುರಾಜನ ಕಡೆ ನೋಡಿದರು.

"ಹೆಂಗೆ ಹೊಡೆದ್ರು? ನನಗೆ ತೋರಿಸಪ್ಪ."

"ಇಲ್ಲೇನ್ರೀ?"

"ಇಲ್ಲೇ."

ಚಟ್ಟ ಕಟ್ಟುತ್ತಿದ್ದವರು ಬಿದಿರಿನ ಮೇಲೆ ಕೈಯಿಟ್ಟು ಕೆಲಸ ನಿಲ್ಲಿಸಿದರು. ಹೊಸಹಳ್ಳಿಯ ಮೂವರು, ಕೆಂಗೇರಿಯ ನಾಲ್ವರು ಹತ್ತಿರ ಬಂದರು. ಕುಸುಮಾ ಬಾಗಿಲಿಗೆ ಬಂದಳು. ಮುತ್ತುರಾಜ ಲೋಟ ಕೆಳಗಿಟ್ಟು, ಹಿಂದೆ ಸರಿದು, ಮೊಣಕಾಲು ಬಗ್ಗಿಸಿದ.

"ನಾ ಅವರ ಎಡಕ್ಕ ಹೊಡದಿದ್ದೆ. ಅವರು ಸೊಂಟ ತಿರುವಿ, ಕೆಳಗಿಂದ… ಹಿಂಗ."

ಬರಿಗೈ ನೆಲದ ಬಳಿಯಿಂದ ಮೇಲೆದ್ದು ತಲೆಯ ಮೇಲೆ ನಿಂತಿತು. ಮುಷ್ಟಿ ಬಿಗಿದೇ ಇತ್ತು.

"ನನ್ನ ತಲಿ ಮ್ಯಾಲೆ ಹೋತ್ರೀ. ಜಿಗದೆ, ಸಿಗಲಿಲ್ಲ."

"ಎಲ್ಲಿ ಬಿತ್ತು?"

ಅವನು ಎತ್ತಿದ ಕೈ ಇಳಿಸದೆ ಹಿಂದಕ್ಕೆ ತಿರುಗಿ ನೋಡಿದ. ಮಧುಕುಮಾರ್ ತಿರುಗಿದ. ಎರಡೂ ಕ್ಲಬ್ಬಿನವರ ತಲೆಗಳು ಒಟ್ಟಿಗೆ ತಿರುಗಿದವು. ಶಾಮಿಯಾನದ ನೆರಳಿನಾಚೆ, ನಿಲ್ಲಿಸಿದ ಎರಡು ಸ್ಕೂಟರುಗಳ ನಡುವೆ, ಬಿಸಿಲು ಬಿದ್ದ ಒಂದು ಅಂಗೈಯಗಲ ಜಾಗವನ್ನು ಎಲ್ಲರೂ ನೋಡುತ್ತಿದ್ದರು. ಚಿಕ್ಕಲಕ್ಷ್ಮಮ್ಮನೂ ಹುಬ್ಬಿಗೆ ಕೈ ಅಡ್ಡ ಹಿಡಿದು ಅಲ್ಲಿಯೇ ನೋಡಿದರು.