ನೋವಿಲ್ಲ ಅನ್ನುವ ಹುಡುಗಿಯರು

ಕೊಂಡಾಪುರದ ಆ ಜಿಮ್ನಾಸ್ಟಿಕ್ಸ್ ಶಾಲೆಯಲ್ಲಿ ಸಂಜೆಯ ಅಭ್ಯಾಸ ಶುರುವಾಯಿತೆಂದರೆ ಕೋಚ್ ಪ್ರಾಜಕ್ತಾ ಒಂದು ಕಡೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಇಲ್ಲಿ ಮ್ಯಾಟು ಎಳೆಯುವಳು, ಅಲ್ಲಿ ಯಾರದೋ ಮೊಣಕಾಲು ನೆಟ್ಟಗೆ ಮಾಡಿಸುವಳು. ರಾಜ್ಯಮಟ್ಟದ ಆಯ್ಕೆ ಹತ್ತಿರವಾದಂತೆ ಕೋಚಮ್ಮನ ಓಡಾಟವೂ ಹೆಚ್ಚಿತ್ತು, ದನಿಯೂ ಏರಿತ್ತು.

ಅವತ್ತು ಪಿಂಕಿ ಬೀಮಿನ ಮೇಲೆ ನಿಂತೇಬಿಟ್ಟಿದ್ದಳು. ಅಂಗೈ ಅಗಲದ ಆ ಉದ್ದನೆಯ ತೊಲೆಯ ಮೇಲೆ ಹಿಂದಕ್ಕೆ ಬಾಗಿ, ಕೈಯೂರಿ, ಕಾಲು ದಾಟಿಸಿ ಎದ್ದು ನಿಲ್ಲಬೇಕು. ಮೊನ್ನೆಮೊನ್ನೆಯವರೆಗೆ ಸಲೀಸಾಗಿ ಮಾಡುತ್ತಿದ್ದ ಹುಡುಗಿ ಈಗ ಕೈ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು.

"ಏನಾತು?" ಪ್ರಾಜಕ್ತಾ ಕೆಳಗಿನಿಂದ ಕೇಳಿದಳು.

"ಏನಿಲ್ರಿ ಟೀಚರ್."

"ಅಂಜಿಕಿ ಆಗ್ತಿದ್ರ ಮನಿಗೆ ಹೋಗಿ ಗೊಂಬಿ ಆಡು. ನಿನ್ನ ಜಾಗಾಕ್ಕ ಬರಾವ್ರು ಸಾಲುಗಟ್ಟಿ ನಿಂತಾರ."

ಉಳಿದ ಹುಡುಗಿಯರು ನಕ್ಕರು. ಪಿಂಕಿಯೂ ನಕ್ಕಳು. ನಗುತ್ತಲೇ ಬಾಗಿದಳು, ಕೈ ಸೋತಿತು, ದೊಪ್ಪನೆ ಮ್ಯಾಟಿನ ಮೇಲೆ ಬಿದ್ದಳು. ಬಿದ್ದವಳು ತಟ್ಟನೆ ಎದ್ದು, ಯಾರೂ ಕೇಳುವ ಮೊದಲೇ, "ನೋವಿಲ್ರಿ," ಅಂದಳು.

ಆ ಉತ್ತರದ ಅವಸರ ಪ್ರಾಜಕ್ತಾಳಿಗೆ ಯಾಕೋ ಸರಿಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಿಂಕಿಯನ್ನು ಹುಡುಕುತ್ತ ಹಿಂದಿನ ನಲ್ಲಿಯ ಕಡೆ ಹೋದಳು. ಅಲ್ಲಿ ಅಂಗೈಯ ತೊಗಲು ಕಿತ್ತುಬಂದ ಪುಟ್ಟ ಹುಡುಗಿಯೊಬ್ಬಳು ಬಿಕ್ಕುತ್ತಿದ್ದಳು. ಪಿಂಕಿ ಅವಳಿಗೆ ಹಿಂದಿಯಲ್ಲಿ ಬುದ್ಧಿ ಹೇಳುತ್ತಿದ್ದಳು: ಅಳಬೇಡ, ಟೀಚರ್ ನೋಡಿದರೆ ತಂಡದಿಂದ ತೆಗೆದುಬಿಡುತ್ತಾರೆ, ಹಲ್ಲು ಕಾಣುವ ಹಾಗೆ ನಗು, ನಾನು ಹಾಗೇ ಮಾಡುವುದು. ಹೇಳುತ್ತ ಹೇಳುತ್ತ ತನ್ನ ಬಲ ಮಣಿಕಟ್ಟನ್ನು ತಣ್ಣೀರಿಗೆ ಹಿಡಿದಿದ್ದಳು. ಅದು ಬಾತುಕೊಂಡಿತ್ತು.

ಶಾಲೆ ನೋಡಲು ಬಂದವರು "ನಿಮ್ಮ ಹುಡುಗಿಯರು ಎಷ್ಟು ನಗ್ತಾರ್ರಿ" ಅಂದಾಗಲೆಲ್ಲ ಪ್ರಾಜಕ್ತಾ ಹಿಗ್ಗುತ್ತಿದ್ದಳು. ಈಗ ನಲ್ಲಿ ನಿಲ್ಲಿಸಿ ಪಿಂಕಿಯ ಮಣಿಕಟ್ಟನ್ನು ತನ್ನ ಕೈಗೆ ತೆಗೆದುಕೊಂಡಳು.

ಅವತ್ತೇ ಡಾಕ್ಟರಿಗೆ ತೋರಿಸಿದರು. ಬೆಳೆಯುವ ಎಲುಬು, ಮೇಲಿಂದ ಮೇಲೆ ಒತ್ತಡ ಬಿದ್ದಿದೆ, ವಾಸಿಯಾಗುವ ತನಕ ಆ ಕೈ ಊರಕೂಡದು ಎಂದರು ಡಾಕ್ಟರು. ಮರುದಿನ ಶಾಲೆಯ ಮಾಲೀಕರಾದ ಅಂಬಾದಾಸರ ಕೋಣೆಯಲ್ಲಿ ಪ್ರಾಜಕ್ತಾ, ಪಿಂಕಿ ಮತ್ತು ಅವಳ ತಾಯಿ ಸೇರಿದರು. ಪ್ರಾಜಕ್ತಾಳಿಗೆ ಬಾಲ್ಯದಲ್ಲಿ ಕಲಿಸಿದವರೂ ಅವರೇ.

"ಪಟ್ಟಿ ಸುತ್ತಿ ಆಯ್ಕೆಗೆ ಇಳಸು," ಅಂದರು ಅಂಬಾದಾಸರು. "ನೀನೂ ಹಂಗ ಆಡಿಲ್ಲೇನು? ನಾ ಬೈದು ಬಡಿದು ಕಲಿಸಿದ್ದಕ್ಕ ಇವತ್ತ ಇಲ್ಲಿ ನಿಂತಿ."

"ನನ್ನ ಜೋಡಿ ಕಲತವ್ರು ಎಲ್ಲಿ ಹೋದ್ರು, ಸರ್? ಒಬ್ಬಾಕಿನೂ ಮತ್ತ ಈ ಬಾಗಲಾ ತುಳೀಲಿಲ್ಲ."

"ಅವರಿಗೆ ಗಟ್ಟಿತನ ಇರಲಿಲ್ಲ. ಪದಕ ಬರದಿದ್ರ ಪಾಲಕರು ಮಕ್ಕಳನ್ನ ಬ್ಯಾರೆ ಕಡೆ ಕರಕೊಂಡು ಹೋಗ್ತಾರ. ಅದನ್ನೂ ನೋಡಬೇಕಲ್ಲವಾ."

ಪಿಂಕಿಯ ತಾಯಿ ಶಿವದೇವಿ ತಡೆಯಲಾರದೆ ಬಾಯಿ ಹಾಕಿದಳು. "ಶಂಶಾಬಾದಿನಿಂದ ದಿನಾ ಆ ಟ್ರಾಫಿಕ್ಕಿನ್ಯಾಗ ಕರಕೊಂಡು ಬರ್ತೀನ್ರಿ. ಮನ್ಯಾಗ ಸಣ್ಣ ಕೂಸು ನೋಡ್ಕೊಳ್ಳಾಕ ಇವರಪ್ಪ ಏರ್‌ಪೋರ್ಟಿನ್ಯಾಗ ರಾತ್ರಿ ಪಾಳಿ ತಗೊಂಡಾರ. ಬೇಕಾದ್ರ ಎರಡು ಏಟು ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಈ ವರ್ಷ ತಪ್ಪಿದ್ರ ಮುಂದ ಹೆಂಗ್ರಿ?"

ಮೂವರೂ ಮಾತಾಡುತ್ತಿದ್ದದ್ದು ಪಿಂಕಿಯ ಕೈಯ ಬಗ್ಗೆ. ಪಿಂಕಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಪ್ರಾಜಕ್ತಾ ಅವಳ ಕಡೆ ತಿರುಗಿದಳು.

"ನಿನಗ ಏನ ಅನಸ್ತದ?"

ಹುಡುಗಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು, ಸರಿಯುತ್ತರ ಯಾರ ಹತ್ತಿರ ಇದೆಯೋ ಎಂಬಂತೆ. "ನೀವು ಹೆಂಗ ಹೇಳ್ತೀರಿ ಹಂಗ್ರಿ."

ಪ್ರಾಜಕ್ತಾ ಅವಳೆದುರು ಕುಕ್ಕರಗಾಲಿನಲ್ಲಿ ಕೂತಳು. "ನಾ ಹೇಳೂದಿಲ್ಲ. ಕೈ ನಿಂದು. ನೀ ಏನ ಅಂದ್ರೂ ನಿನ್ನ ಜಾಗಾ ಹೋಗೂದಿಲ್ಲ."

ಪಿಂಕಿ ಬಲ ಮಣಿಕಟ್ಟನ್ನು ಮುಂದೆ ಚಾಚಿದಳು. "ನೋವೈತ್ರಿ. ದಸರಾ ಸೂಟಿಯಿಂದನೂ ಐತಿ."

"ನನಗರ ಯಾಕ ಹೇಳಲಿಲ್ಲೇ?" ಶಿವದೇವಿಯ ದನಿ ಒಡೆಯಿತು.

"ನೀನೂ ಬೈತಿದ್ದಿ."

ಶಿವದೇವಿ ಮಗಳ ಬಾತ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು. ಅಂಬಾದಾಸರು ಪ್ರಾಜಕ್ತಾಳಿಗೆ, "ಜವಾಬ್ದಾರಿ ನಿಂದು," ಎಂದಷ್ಟೇ ಹೇಳಿ ಎದ್ದುಹೋದರು.

ಪಿಂಕಿ ಇಳಿಯದ ಆ ಸಲದ ಆಯ್ಕೆಯಲ್ಲಿ ಶಾಲೆಗೆ ಹೆಸರು ಬರಲಿಲ್ಲ. ಕೆಲವರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಪ್ರಾಜಕ್ತಾ ದಿನಾ ಅಭ್ಯಾಸಕ್ಕೆ ಮುಂಚೆ ಮಕ್ಕಳ ನಡುವೆ ಕೂತು, ಎಲ್ಲಿ ನೋವಿದೆ, ಯಾವುದಕ್ಕೆ ಅಂಜಿಕೆ ಎಂದು ಕೇಳತೊಡಗಿದಳು. "ಏನಿಲ್ಲ ಟೀಚರ್," ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಒಮ್ಮೆಲೇ ನಂಬಲು ಅವರೇನು ದಡ್ಡರೇ? ಹಳೆಯ ಬೈಗುಳ ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು. ಅದು ಉಕ್ಕಿ ಬಂದಾಗಲೆಲ್ಲ ಪ್ರಾಜಕ್ತಾ ಹೊರಗೆ ಹೋಗಿ ಒಂದು ಸುತ್ತು ನಡೆದು ಬರುತ್ತಿದ್ದಳು. ತಾನು ಮಾಡುತ್ತಿರುವುದು ಸರಿಯೋ, ಮಕ್ಕಳನ್ನು ಮೆತ್ತಗೆ ಮಾಡುತ್ತಿದ್ದೇನೋ, ಅವಳಿಗೂ ತಿಳಿಯುತ್ತಿರಲಿಲ್ಲ.

ನಾಂಪಲ್ಲಿಯಲ್ಲಿ ಹೊಸ ವರ್ಷದ ನುಮಾಯಿಷ್ ವಸ್ತುಪ್ರದರ್ಶನ ಶುರುವಾಗುವ ಹೊತ್ತಿಗೆ ಪಿಂಕಿಯ ಕೈ ವಾಸಿಯಾಗಿತ್ತು. ಡಾಕ್ಟರು ಒಪ್ಪಿಗೆ ಕೊಟ್ಟರು. ಮೊದಲು ನೆಲದ ಮೇಲೆ ಮಾಡಿ, ಆಮೇಲೊಂದು ಸಂಜೆ ಎತ್ತರದ ಬೀಮು ಹತ್ತಿದಳು. ಕೈ ಎತ್ತಿದಳು, ಇಳಿಸಿದಳು.

"ಟೀಚರ್, ಅಂಜಿಕಿ ಆಗಾಕತ್ತೈತ್ರಿ."

ಪಕ್ಕದ ಬಾರ್ ಸರಳಿಗೆ ಜೋತುಬಿದ್ದ ಹುಡುಗಿಯರು ಕೆಳಗಿಳಿದರು. ಎಲ್ಲರ ಕಣ್ಣೂ ಬೀಮನ್ನು ಬಿಟ್ಟು ಪ್ರಾಜಕ್ತಾಳ ಮುಖದ ಮೇಲೆ ನೆಟ್ಟಿತು.

"ಆಗಲಿ," ಅಂದಳು ಪ್ರಾಜಕ್ತಾ. "ಕೆಳಗ ಇಳೀತಿಯೇನು, ಇಲ್ಲಾ ಇಲ್ಲೇ ನಾ ಹಿಡೀಲಿ?"

ಪಿಂಕಿ ವಿಚಾರ ಮಾಡಿದಳು. "ಇಲ್ಲೇ ಹಿಡೀರಿ."

ಪ್ರಾಜಕ್ತಾ ಪಕ್ಕದ ಪೆಟ್ಟಿಗೆ ಹತ್ತಿ ಅವಳ ಬೆನ್ನಿಗೆ ಕೈ ಕೊಟ್ಟಳು. ಹುಡುಗಿ ಬಾಗಿ, ದಾಟಿ, ಎದ್ದಳು. ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ನಾಲ್ಕನೆಯ ಸಲಕ್ಕೆ ಉಸಿರೆಳೆದು, ಮುಂದೆ ನೋಡುತ್ತಲೇ ಹೇಳಿದಳು:

"ಈಗ ಬಿಡ್ರಿ."

ಪ್ರಾಜಕ್ತಾ ಕೈ ತೆಗೆದಳು.