ಐದಕ್ಕೆ ಐದು

ಕಾಂತರಾಜ್ ಮೇಷ್ಟ್ರು ಪರೀಕ್ಷೆ ಪೇಪರ್ ತಿದ್ದುತ್ತಿದ್ದದ್ದು ರೈಲಿನಲ್ಲಿ. ಬಂಗಾರಪೇಟೆಯಿಂದ ಊರಿಗಾಂನ ಸ್ಕೂಲಿಗೆ ಹೋಗುವಾಗ ನಾಲ್ಕು, ಬರುವಾಗ ಐದು, ಕಿಟಕಿ ಪಕ್ಕ ಜಾಗ ಸಿಕ್ಕರೆ ಇನ್ನೊಂದು ಹೆಚ್ಚು. ಅಷ್ಟು ಬೇಗ ಹೇಗೆ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ಅವರಿಗೆ ನಗು ಬರುತ್ತಿತ್ತು. ಓದುವುದಕ್ಕೆ ಏನಿತ್ತು, ಮಣ್ಣು? ಇಪ್ಪತ್ತೊಂದು ವರ್ಷದಿಂದ ಅವರು ಹೇಳಿ ಬರೆಸಿದ ಉತ್ತರಗಳೇ ಹೊಸ ಹೊಸ ಕೈಬರಹದಲ್ಲಿ ಅವರಿಗೇ ವಾಪಸು ಬರುತ್ತಿದ್ದವು. ಸಾಹಿತ್ಯ ಪಾಠ ಮಾಡುತ್ತೇನೆಂದು ಈ ಕೆಲಸಕ್ಕೆ ಸೇರಿದ್ದ ಮನುಷ್ಯ ತನ್ನ ಎಂಜಲನ್ನು ತಾನೇ ತಿನ್ನುತ್ತಿದ್ದ.

ಅವರ ಹೈಸ್ಕೂಲಿನ ಮಕ್ಕಳ ಮನೆಗಳಲ್ಲಿ ಕನ್ನಡವಿರಲಿಲ್ಲ. ಇದ್ದದ್ದು ತೆಲುಗು, ಇಲ್ಲವೇ ತಮಿಳು. ತೆಲುಗಿನವರದ್ದು ಹೇಗೋ ನಡೆಯುತ್ತಿತ್ತು. ಮೇಷ್ಟ್ರ ಮನೆಮಾತೂ ಅದೇ, ಎರಡರ ಅಕ್ಷರಗಳೂ ಅಕ್ಕತಂಗಿಯರು. ತಮಿಳು ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಎಂಟನೇ ಕ್ಲಾಸಿಗೆ ಬಂದು ಸೇರಿದವರ ಪಾಡು ಮಾತ್ರ ಯಾರಿಗೂ ಬೇಡ. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ಅಂಥವರಿಗಾಗಿ ಮೇಷ್ಟ್ರು ಒಂದು ಉಪಾಯ ಹುಡುಕಿದ್ದರು. ಕನ್ನಡದ ಉತ್ತರವನ್ನು ರಫ್ ನೋಟಿನಲ್ಲಿ ತಮಿಳು ಅಕ್ಷರಗಳಲ್ಲೇ ಬರೆದುಕೊಳ್ಳಿ, ಬಾಯಿಪಾಠ ಮಾಡಿ, ಆಮೇಲೆ ಕನ್ನಡ ಅಕ್ಷರಕ್ಕೆ ಇಳಿಸಿ. ಅದಕ್ಕೆಂದೇ ತಾವೂ ತಮಿಳು ಓದುವುದನ್ನು ಕಲಿತರು. ಒಳ್ಳೆಯದೋ ಕೆಟ್ಟದ್ದೋ, ಮಕ್ಕಳು ಪಾಸಾಗುತ್ತಿದ್ದರು.

ಆ ವರ್ಷ ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಬಾವಿಯ ಮೇಲಿನ ಒಂದು ಪದ್ಯದ ಬಗ್ಗೆ ಐದು ಅಂಕದ ಪ್ರಶ್ನೆ ಬಿತ್ತು. ಪದ್ಯದಲ್ಲಿ ಹೆಂಗಸೊಬ್ಬಳು ನೀರು ಸೇದುತ್ತಾಳೆ, ಕೊಡ ಮೇಲೆ ಬಂದಾಗ ನಗುತ್ತಾಳೆ. ಆ ನಗುವಿನ ಸ್ವಾರಸ್ಯವೇನು? ಮೂವತ್ತೇಳು ಮಕ್ಕಳು ಮೇಷ್ಟ್ರು ಬರೆಸಿದ್ದನ್ನೇ ಬರೆದಿದ್ದರು: 'ಜಲವೇ ಜೀವಾಳವೆಂಬ ಕವಿಯ ಉದಾತ್ತ ಆಶಯವು ಇಲ್ಲಿ ಮನೋಜ್ಞವಾಗಿ ಮೂಡಿಬಂದಿದೆ.' ಮನೋಜ್ಞ ಅಂದರೇನೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಮೂವತ್ತೆಂಟನೆಯ ಪೇಪರ್ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯ ಪುಷ್ಪಳದು. ಎರಡು ಸಾಲು ಕನ್ನಡ ಅಕ್ಷರ, ಅದೂ ವಕ್ರವಕ್ರ. ಮುಂದೆ ಹೊತ್ತು ಸಾಲದೆ ತಮಿಳು ಅಕ್ಷರಕ್ಕೆ ಜಾರಿದ್ದಳು. ಮಾತು ಮಾತ್ರ ಕನ್ನಡವೇ. ಮೇಷ್ಟ್ರು ಬೈದುಕೊಂಡೇ ಓದತೊಡಗಿದರು.

'ನಮ್ಮ ಪಾಟಿ, ಅಂದರೆ ಅಜ್ಜಿ, ಅಮ್ಮಾಜಮ್ಮ ದಿನಾ ಗಣಿ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಒಳಗೆ ಇಳಿದವರನ್ನು ಹಗ್ಗ ಮೇಲಕ್ಕೆ ತರುತ್ತಿತ್ತು. ತಾತ ಕಂಡರೆ ಮನೆಗೆ ಬಂದು ಒಲೆ ಹಚ್ಚುತ್ತಿದ್ದಳು. ಒಂದು ದಿನ ಹಚ್ಚಲಿಲ್ಲ. ಬಾವಿಯ ಹೆಂಗಸು ನೀರು ಸಿಕ್ಕಿತು ಅಂತ ನಗಲಿಲ್ಲ. ಹಗ್ಗ ಬರಿದೇ ಬರಲಿಲ್ಲ ಅಂತ ನಕ್ಕಳು.'

ಮೇಷ್ಟ್ರಿಗೆ ಊರಿಗಾಂ ಬಂದದ್ದೂ ತಿಳಿಯಲಿಲ್ಲ. ಮುಂದಿನ ಸ್ಟೇಷನ್ ಚಾಂಪಿಯನ್‌ನಲ್ಲಿ ಇಳಿದು, ತಡವಾಯಿತೆಂಬ ಪರಿವೆಯೂ ಇಲ್ಲದೆ ಹಿಂದಕ್ಕೆ ನಡೆದರು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ. ಆ ಪದ್ಯವನ್ನು ಅಷ್ಟು ವರ್ಷ ಪಾಠ ಮಾಡಿದವರಿಗೇ ಅದು ಆವತ್ತು ಅರ್ಥವಾಗಿತ್ತು. ಐದಕ್ಕೆ ಐದು ಹಾಕಿದರು.

ಹೆಡ್‌ಮಿಸ್ಟ್ರೆಸ್ ಕಲ್ಪನ ಪೇಪರ್ ನೋಡಿ ಹುಬ್ಬು ಗಂಟಿಕ್ಕಿದರು. ಅವರು ಕೆಟ್ಟವರಲ್ಲ, ಲೋಕ ಕಂಡವರು. "ಪಬ್ಲಿಕ್ ಪರೀಕ್ಷೇಲಿ ಪೇಪರ್ ನೋಡೋರು ನೀವಲ್ಲ, ಕಾಂತರಾಜ್. ಎಲ್ಲೋ ಬೇರೆ ಜಿಲ್ಲೇಲಿ ಕೂತಿರ್ತಾರೆ. ತಮಿಳು ಅಕ್ಷರ ಅಲ್ಲಿ ನಡೆಯಲ್ಲ ಅಂತ ಆ ಹುಡುಗಿಗೆ ಹೇಳ್ಬಿಡಿ" ಎಂದರು. ಮೇಷ್ಟ್ರು ಹೇಳುತ್ತೇನೆಂದು ಒಪ್ಪಿಕೊಂಡರು.

ಹೇಳಬೇಕೆಂದೇ ಕ್ಲಾಸಿಗೆ ಹೋದರು. ಆದರೆ ಮೊದಲು ಆ ಉತ್ತರವನ್ನು ಎಲ್ಲರಿಗೂ ಓದಿದರು. ಯಾವತ್ತೂ ತಲೆ ಎತ್ತದ ಹುಡುಗಿ ಅವತ್ತು ತಲೆ ಎತ್ತಿ ಕೂತಿದ್ದಳು. ಗಂಟೆ ಹೊಡೆದ ಮೇಲೆ ಅವಳೇ ಹತ್ತಿರ ಬಂದಳು.

"ತಮಿಳ್ ಅಕ್ಷರದಲ್ಲಿ ಬರ್ದಿದೀನಲ್ಲ ಸಾರ್, ಪರವಾಗಿಲ್ವಾ?"

"ಪರವಾಗಿಲ್ಲ, ಬರಿಯಮ್ಮಾ" ಎಂದುಬಿಟ್ಟರು.

ನಾಳೆ ಹೇಳಿದರಾಯಿತು ಅಂದುಕೊಂಡಿದ್ದರು. ಮಾರನೆಯ ದಿನ ಅವರನ್ನು ಯಾವುದೋ ಸಮೀಕ್ಷೆಗೆಂದು ಮನೆಮನೆ ಸುತ್ತಲು ಹಾಕಿದರು. ಮುಗಿಸಿ ಬರುವಷ್ಟರಲ್ಲಿ ಮಕ್ಕಳಿಗೆ ಓದಿಕೊಳ್ಳುವ ರಜೆ. ಹುಡುಗಿಯ ಪಾಟಿ ಅಮ್ಮಾಜಮ್ಮನ ಫೋನ್ ನಂಬರು ಹಾಜರಿ ಪುಸ್ತಕದಲ್ಲೇ ಇತ್ತು. ಎರಡು ಸಲ ಅದನ್ನು ಒತ್ತಿ, ರಿಂಗ್ ಆಗುವ ಮೊದಲೇ ಮೇಷ್ಟ್ರು ಕಟ್ ಮಾಡಿದರು. ಆ ಮುಖ ಮತ್ತೆ ಕೆಳಗಾಗುವುದು ಅವರಿಗೆ ಬೇಡವಾಗಿತ್ತು. ಹುಡುಗಿ ಜಾಣೆ, ಅಷ್ಟೂ ತಿಳಿಯದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೇಡಿಗೆ ಸಮಾಧಾನ ಬೇಗ ಸಿಗುತ್ತದೆ.

ಮೇ ತಿಂಗಳಲ್ಲಿ ರಿಸಲ್ಟ್ ಬಂತು. ಪುಷ್ಪ ಉಳಿದೆಲ್ಲದರಲ್ಲೂ ಪಾಸು, ಕನ್ನಡದಲ್ಲಿ ಫೇಲು. ಮೇಷ್ಟ್ರು ಬೋರ್ಡಿಗೆ ಬರೆದು ಉತ್ತರ ಪತ್ರಿಕೆಯ ನಕಲು ತರಿಸಿದರು. ಚಿಕ್ಕ ಪ್ರಶ್ನೆಗಳಿಗೆಲ್ಲ ಕನ್ನಡದಲ್ಲೇ ಬರೆದಿದ್ದಳು. ದೊಡ್ಡ ಉತ್ತರಗಳನ್ನೆಲ್ಲ ತನ್ನದೇ ಮಾತಿನಲ್ಲಿ, ತಮಿಳು ಅಕ್ಷರದಲ್ಲಿ, ನಾಲ್ಕು ಪುಟ ತುಂಬ ಬರೆದಿದ್ದಳು. ಪ್ರತಿ ಪುಟಕ್ಕೂ ಮೂಲೆಯಿಂದ ಮೂಲೆಗೆ ಒಂದು ಗೀಟು, ಪಕ್ಕದಲ್ಲಿ ಸೊನ್ನೆ. ಗೀಟು ಎಳೆದ ಪುಣ್ಯಾತ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅವನಿಗೆ ಒಂದಕ್ಷರವೂ ಓದಲು ಬಂದಿರಲಾರದು. ಓದಲು ಬರುತ್ತಿದ್ದ ಮೇಷ್ಟ್ರು ಇಲ್ಲಿ ಕೂತು ಅತ್ತರು. ಉತ್ತರಗಳೆಲ್ಲ ಚೆನ್ನಾಗಿದ್ದವು.

ಮಾರನೆಯ ದಿನ ಪುಷ್ಪ ಸ್ಕೂಲಿಗೆ ಬಂದಳು. ಮೇಷ್ಟ್ರು ತಪ್ಪೆಲ್ಲ ನನ್ನದೇ ಎಂದು ಹೇಳಲು ಮಾತು ಜೋಡಿಸಿಕೊಂಡಿದ್ದರು. ಅವಳು ಅವಕಾಶ ಕೊಡಲಿಲ್ಲ.

"ಐದಕ್ಕೆ ಐದು ಕೊಟ್ರಿ ಸಾರ್. ನಾನ್ ನಂಬಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಮುಂದಿನ ತಿಂಗಳು ಮರುಪರೀಕ್ಷೆ ಬರೆಯುತ್ತೇನೆ, ನಿಮ್ಮ ಉತ್ತರಗಳನ್ನು ಇನ್ನೊಂದು ಸಲ ಹೇಳಿ ಬರೆಸಿ, ನನ್ನ ನೋಟು ಹರಿದುಹೋಗಿದೆ ಎಂದು ಹೊಸ ನೋಟ್‌ಬುಕ್ ತೆಗೆದು ಕೂತಳು.

ಮೇಷ್ಟ್ರು ಹೇಳತೊಡಗಿದರು. ಜಲವೇ ಜೀವಾಳವೆಂಬ ಕವಿಯ ಉದಾತ್ತ ಆಶಯವು. ಪುಷ್ಪ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಒತ್ತಿ ಬರೆದಳು. ತಪ್ಪಾದರೆ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು. ಮನೋಜ್ಞ ಎಂದರೇನೆಂದು ಕೇಳಲಿಲ್ಲ.

ಮೇಷ್ಟ್ರು ನಡುವೆ ನಿಲ್ಲಿಸಿದರು. "ಪಾಟಿ ವಿಷ್ಯ ಬರ್ದಿದ್ಯಲ್ಲಮ್ಮಾ, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯೋಣ. ನಾನು ಜತೇಲಿ ಕೂತು ಕಲಿಸ್ತೀನಿ."

ಪುಷ್ಪ ಪೆನ್ನು ಎತ್ತದೆ ಕೇಳಿದಳು.

"ಅದಕ್ಕೆ ಅಲ್ಲಿರೋರು ಮಾರ್ಕ್ಸ್ ಕೊಡ್ತಾರಾ ಸಾರ್?"

ಕೊಡುತ್ತಾರೆಂದು ಇನ್ನೊಂದು ಸಲ ಹೇಳುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ. ನಿಲ್ಲಿಸಿದ ಕಡೆಯಿಂದಲೇ ಮುಂದಿನ ಸಾಲು ಹೇಳಿದರು. ಅವಳು ಬರೆದುಕೊಂಡಳು.